ಗೋಡೆಯ ಮಾತು ಆಮೇಲೆ: ಎರೆ ಮತ್ತು ಮಸಾರಿ ನೆಲದಲ್ಲಿ ಮನೆ ಕಟ್ಟುವವರಿಗೆ

ಹುಬ್ಬಳ್ಳಿಯ ಗದಗ ರಸ್ತೆಯ ಬದಿಯ ಬಡಾವಣೆಯಲ್ಲಿ ನಾನು ಮನೆ ಕಟ್ಟಿಸಿ ಹನ್ನೊಂದು ವರ್ಷವಾಯಿತು. ಅದರ ಈಶಾನ್ಯ ಮೂಲೆಯ ಗೋಡೆಯಲ್ಲಿ ಒಂದು ಬಿರುಕಿದೆ. ನೇರವಾಗಿ ಇಳಿದಿಲ್ಲ, ಇಟ್ಟಿಗೆಯ ಸಂದಿಗಳನ್ನು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಇಳಿದಿದೆ. ಗುರುತಿನ ಗೌಂಡಿಯೊಬ್ಬರು ಹೇಳಿಕೊಟ್ಟಂತೆ ಅದಕ್ಕೆ ಅಡ್ಡವಾಗಿ ಬೆರಳಗಲದ, ಗೇಣುದ್ದದ ಗಾಜಿನ ಪಟ್ಟಿಯೊಂದನ್ನು ಎರಡೂ ತುದಿಗೆ ಸಿಮೆಂಟಿನ ಮುದ್ದೆ ಇಟ್ಟು ಅಂಟಿಸಿದೆ. ಗೋಡೆ ನಿಂತಿದ್ದರೆ ಗಾಜು ಹಾಗೆಯೇ ಇರುತ್ತದೆ, ಕೂದಲೆಳೆಯಷ್ಟು ಸರಿದರೂ ಒಡೆಯುತ್ತದೆ. ಪಟ್ಟಿ ಅಂಟಿಸಿದ್ದು ಏಪ್ರಿಲ್‌ನಲ್ಲಿ. ಜುಲೈನ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ನೋಡಿದರೆ ಸರಿಯಾಗಿ ನಡುವೆ ಸೀಳಿತ್ತು.

ಆ ಮೂಲೆಯ ಕೆಳಗೇ ಸಂಪು ಇದೆ. ನೀರು ಈಶಾನ್ಯದಲ್ಲಿರಬೇಕು ಎಂದು ವಾಸ್ತು ಹೇಳಿತು, ನಾನು ಒಪ್ಪಿದೆ. ನಲ್ಲಿಯ ನೀರು ದಿನಗಟ್ಟಲೆ ಬಾರದ ಊರಿನಲ್ಲಿ ಸಂಪು ದೊಡ್ಡದೇ ಆಗಬೇಕು, ಅದಕ್ಕೂ ಒಪ್ಪಿದೆ. ಗೋಡೆಗೆ ಅಂಟಿಕೊಂಡ ಸಂಪಿನಿಂದ ಜಿನುಗುವ ನೀರು ಎರೆ, ಅಂದರೆ ಕಪ್ಪು ಮಣ್ಣಿಗೆ ಏನು ಮಾಡುತ್ತದೆ ಎಂಬುದನ್ನು ಮಾತ್ರ ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಗೋಡೆಗೆ ಕೆಂಪು ಇಟ್ಟಿಗೆಯೋ, ಸಿಮೆಂಟ್ ಬ್ಲಾಕೋ?

ಈಗ ಅದೇ ಪ್ರಶ್ನೆ ಹಿಡಿದು ಇಬ್ಬರು ಬಂದಿದ್ದಾರೆ. ಒಬ್ಬಳು ತಂಗಿ. ಅವಳ ನಿವೇಶನ ಧಾರವಾಡದ ಪಶ್ಚಿಮಕ್ಕೆ, ಕೆಲಗೇರಿಯ ಕಡೆ. ಇನ್ನೊಬ್ಬರು ಭಾವ, ಅಂದರೆ ನನ್ನ ಹೆಂಡತಿಯ ಅಣ್ಣ. ಅವರದು ನರಗುಂದದ ಹತ್ತಿರದ ಹಳ್ಳಿಯಲ್ಲಿ ಹಳೆಯ ಮಾಳಿಗೆ ಮನೆಯ ಪಕ್ಕದ ಜಾಗ. “ಅಣ್ಣಾ, ಯಾವ ಇಟ್ಟಿಗೆ ಅಷ್ಟು ಹೇಳು, ಉಳಿದದ್ದನ್ನು ಇಂಜಿನಿಯರ್ ನೋಡಿಕೊಳ್ಳುತ್ತಾರೆ” ಎಂದು ತಂಗಿ ಫೋನಿನಲ್ಲಿ ಅವಸರ ಮಾಡಿದಳು. ನನ್ನ ಮನೆಯಲ್ಲಿ ಇಷ್ಟು ವರ್ಷ ಬಾಳಿದ ಮೇಲೆ ಹೇಳುತ್ತೇನೆ: ಮನೆ ಎಷ್ಟು ಕಾಲ ನಿಲ್ಲುತ್ತದೆ ಎಂಬುದನ್ನು ಅಡಿಯ ಮಣ್ಣು ನಿರ್ಧರಿಸುತ್ತದೆ, ಬೇಸಿಗೆಯಲ್ಲಿ ಒಳಗೆ ಕೂರಲು ಆಗುತ್ತದೆಯೋ ಇಲ್ಲವೋ ಎಂಬುದನ್ನು ತಲೆಯ ಮೇಲಿನ ಚಾವಣಿ ನಿರ್ಧರಿಸುತ್ತದೆ. ಗೋಡೆಯದು ಮೂರನೆಯ ಸ್ಥಾನ. ನಾವು ಎಲ್ಲ ವಾದವನ್ನೂ ಆ ಮೂರನೆಯದರ ಮೇಲೆಯೇ ಮುಗಿಸಿಬಿಡುತ್ತೇವೆ.

ಪಾಯ: ಬಾಟಲಿಯಲ್ಲಿ ಮಣ್ಣು

ಎರೆ ಭೂಮಿ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಕಡಲೆ, ಹಿಂಗಾರಿ ಜೋಳಕ್ಕೆ ವರವಾದ ಗುಣವೇ ಮನೆಗೆ ಶಾಪ. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜದ ಪದರಗಳ ನಡುವೆ ನೀರು ಹೊಕ್ಕು ಅವುಗಳನ್ನು ಅಗಲಿಸುತ್ತದೆ, ಒಣಗಿದಾಗ ಅವು ಮತ್ತೆ ಕೂಡಿಕೊಳ್ಳುತ್ತವೆ. ಮನೆಯ ಒಂದು ಮೂಲೆ ಹಸಿ, ಇನ್ನೊಂದು ಒಣ ಎಂದಾದರೆ ಒಂದು ಮೇಲಕ್ಕೇಳುತ್ತದೆ, ಇನ್ನೊಂದು ನಿಂತಲ್ಲೇ ಇರುತ್ತದೆ. ನಡುವಿನ ಗೋಡೆ ಸೀಳದೆ ಇನ್ನೇನು ಮಾಡೀತು? ಮಸಾರಿ, ಅಂದರೆ ಕೆಂಪು ನೆಲದಲ್ಲಿ ಈ ಕಾಟ ಇಲ್ಲವೆನ್ನುವಷ್ಟು ಕಡಿಮೆ.

ಕಣ್ಣಳತೆಯನ್ನು ನಂಬಬೇಡಿ. ಮೇಲೆ ಅರ್ಧ ಅಡಿ ಗರಸು, ಅಂದರೆ ಕಲ್ಲುಚೂರು ಬೆರೆತ ಗಟ್ಟಿ ಮಣ್ಣು ಹರಡಿ ಕೆಳಗಿನ ಎರೆಯನ್ನು ಮುಚ್ಚಿದ ನಿವೇಶನಗಳು ಹುಬ್ಬಳ್ಳಿಯ ಸುತ್ತ ಬೇಕಾದಷ್ಟಿವೆ. ಪ್ರಯೋಗಾಲಯದಲ್ಲಿ ಮಾಡುವ ಒಂದು ಪರೀಕ್ಷೆ ಎಷ್ಟು ಸರಳವೆಂದರೆ ತಂಗಿ ಅದನ್ನು ಅಡುಗೆಮನೆಯ ಕಟ್ಟೆಯ ಮೇಲೆಯೇ ಮಾಡಿದಳು. ಮೂರ್ನಾಲ್ಕು ಅಡಿ ಆಳದ ಮಣ್ಣನ್ನು ಚೆನ್ನಾಗಿ ಒಣಗಿಸಿ, ಪುಡಿ ಮಾಡಿ, ಸಣ್ಣ ಜರಡಿ ಹಿಡಿದು ಹತ್ತು ಹತ್ತು ಗ್ರಾಂನ ಎರಡು ಪಾಲು ಮಾಡಬೇಕು. ನೂರು ಮಿಲಿಲೀಟರಿನ ಎರಡು ಅಳತೆ ಗಾಜುಗಳಲ್ಲಿ ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ ಒಂದೊಂದು ಪಾಲನ್ನು ಸುರಿದು ಕಲಕಿ, ಒಂದು ದಿನ ಪೂರ್ತಿ ಬಿಡಬೇಕು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಎರಡರಲ್ಲಿ ಮಣ್ಣು ನಿಂತ ಅಳತೆಗಳ ಅಂತರವನ್ನು ಸೀಮೆಎಣ್ಣೆಯಲ್ಲಿ ಮಣ್ಣು ನಿಂತ ಅಳತೆಯಿಂದ ಭಾಗಿಸಿದರೆ ಶೇಕಡಾವಾರು ಉಬ್ಬು ಸಿಗುತ್ತದೆ. ತಂಗಿಯ ಮಣ್ಣು ಸೀಮೆಎಣ್ಣೆಯಲ್ಲಿ 11ಕ್ಕೆ, ನೀರಿನಲ್ಲಿ 12ಕ್ಕೆ ನಿಂತಿತು. ಭಾವನವರ ಮಣ್ಣನ್ನೂ ತರಿಸಿಕೊಂಡಿದ್ದೆವು. ಅದು ಸೀಮೆಎಣ್ಣೆಯಲ್ಲಿ 11, ನೀರಿನಲ್ಲಿ 20. ಅಂದರೆ ಶೇ 80ಕ್ಕೂ ಮೇಲೆ. ಶೇ 50 ದಾಟಿದರೆ ಇಂಜಿನಿಯರುಗಳು ಹುಬ್ಬೇರಿಸುತ್ತಾರೆ. ಇದು ಮಣ್ಣು ಪರೀಕ್ಷೆಯ ವರದಿಗೆ ಬದಲಿಯಲ್ಲ, ಆದರೆ ವರದಿ ಮಾಡಿಸಲೇಬೇಕೆಂಬ ಬುದ್ಧಿ ಬರಲು ಇಷ್ಟು ಸಾಕು.

ತಂಗಿಯಂಥವರಿಗೆ, ಅಂದರೆ ಗಟ್ಟಿ ಮಸಾರಿ ಅಥವಾ ಮೂರ್ನಾಲ್ಕು ಅಡಿಗೇ ಗರಸು ಸಿಗುವವರಿಗೆ, ಕಲ್ಲಿನ ಪಾಯವೇ ಸಾಕು. ಅದರ ಮೇಲೆ ಸುತ್ತಲೂ ಒಂದು ಕಾಂಕ್ರೀಟ್ ಪಟ್ಟಿ, ಲಿಂಟಲ್ ಮಟ್ಟದಲ್ಲಿ ಇನ್ನೊಂದು. ಭಾರವನ್ನು ಗೋಡೆಯೇ ಹೊರುತ್ತದೆ. ನೆಲ ಮತ್ತು ಒಂದು ಅಂತಸ್ತಿನ ಮನೆಗೆ ಕಾಲಂ-ಬೀಮುಗಳ ಪಂಜರ ಬೇಕೇಬೇಕು ಎಂಬುದು ಈಚಿನ ಇಪ್ಪತ್ತು-ಮೂವತ್ತು ವರ್ಷಗಳ ರೂಢಿಯೇ ಹೊರತು ಲೆಕ್ಕವಲ್ಲ. ಒಳ್ಳೆಯ ನೆಲದಲ್ಲಿ ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಎರಡು ಅಂತಸ್ತನ್ನು ನೆಮ್ಮದಿಯಿಂದ ಹೊರುತ್ತದೆ, ಉಕ್ಕಿನ ದುಡ್ಡು ಚಾವಣಿಗೆ ಉಳಿಯುತ್ತದೆ.

ಎರೆಯಲ್ಲಿ ಆಯ್ಕೆ ಮೂರು. ಐದಾರು ಅಡಿಗೆ ಗರಸು ಸಿಕ್ಕರೆ ಎರೆಯನ್ನು ಪೂರ್ತಿ ತೆಗೆದು ಗರಸಿಗೆ ಇಳಿಯುವುದು ಮೊದಲನೆಯದು. ಅಗೆದ ಹೊಂಡವನ್ನು ಅದೇ ಎರೆಯಿಂದ ತುಂಬಬಾರದು. ನನ್ನ ಮನೆಯಲ್ಲಿ ಆದದ್ದು ಅದೇ; ತೆಗೆದ ಮಣ್ಣು ಪಕ್ಕದಲ್ಲೇ ಬಿದ್ದಿತ್ತು, ಗರಸಿನ ಟ್ರ್ಯಾಕ್ಟರಿಗೆ ದುಡ್ಡು ಕೊಡಬೇಕಿತ್ತು, ಕಂತ್ರಾಟುದಾರರು ಹತ್ತಿರದ ದಾರಿ ಹಿಡಿದರು. ಎರಡನೆಯದು, ಗರಸು ಇನ್ನೂ ಆಳದಲ್ಲಿದ್ದರೆ, ಕಾಲಂಗಳನ್ನು ಮಾತ್ರ ಅಲ್ಲಿಗೆ ಇಳಿಸಿ ಮೇಲೆ ಪ್ಲಿಂತ್ ಬೀಮ್, ಅಂದರೆ ಗೋಡೆ ಹೊರುವ ಅಡ್ಡ ತೊಲೆ ಕಟ್ಟುವುದು. ಬೀಮಿನ ಅಡಿಗೂ ಮಣ್ಣಿಗೂ ನಡುವೆ ಮೂರ್ನಾಲ್ಕು ಇಂಚು ಖಾಲಿ ಬಿಡಬೇಕು, ಉಬ್ಬುವ ಮಣ್ಣಿಗೆ ಜಾಗ ಬೇಕು. ಈ ಒಂದು ಸಂಗತಿಯನ್ನು ನಕ್ಷೆಯಲ್ಲಿ ಬರೆಸಿ, ಕಾಂಕ್ರೀಟ್ ಹಾಕುವ ದಿನ ನೀವೇ ಬಗ್ಗಿ ನೋಡಿ. ಮೂರನೆಯದು ಅಂಡರ್‌ರೀಮ್ಡ್ ಪೈಲ್. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗೆಂದೇ ರೂಢಿಗೆ ತಂದ ಪದ್ಧತಿ ಇದು. ಸುಮಾರು ಮೂರೂವರೆ ಮೀಟರ್ ಆಳದ ಕೊಳವೆಯಂಥ ಗುಂಡಿ ಕೊರೆದು, ತಳದ ಹತ್ತಿರ ಅದನ್ನು ಎರಡೂವರೆ ಪಟ್ಟು ಅಗಲಿಸಿ, ಕಬ್ಬಿಣ ಇಳಿಸಿ ಕಾಂಕ್ರೀಟ್ ತುಂಬುತ್ತಾರೆ. ಮಳೆ-ಬಿಸಿಲಿನ ಏರಿಳಿತ ಅಷ್ಟು ಆಳಕ್ಕೆ ಮುಟ್ಟುವುದಿಲ್ಲ. ತಳದ ಅಗಲವಾದ ಭಾಗ ಮಣ್ಣನ್ನು ಕಚ್ಚಿ ಹಿಡಿದಿರುವುದರಿಂದ ಮೇಲಿನ ಎರೆ ಎತ್ತಿದರೂ ಮನೆ ಏಳುವುದಿಲ್ಲ. ಆಳವಾದ ಎರೆಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಕಾಲಂಗಾಗಿ ದೊಡ್ಡ ಹೊಂಡ ತೋಡಿ ತುಂಬುವ ಖರ್ಚನ್ನೂ ಸೇರಿಸಿ ನೋಡಿದರೆ ಜನ ಹೆದರುವಷ್ಟು ದುಬಾರಿಯೂ ಅಲ್ಲ.

ನೆಲಹಾಸಿನ ಅಡಿಗೂ ಇದೇ ಮಾತು. ಉಬ್ಬದ, ಆದರೆ ಜಿಗುಟಿರುವ ಕೆಂಪು ಮಣ್ಣಿನ ದಪ್ಪ ಪದರವನ್ನು ಎರೆಯ ಮೇಲೆ ಗುದ್ದಿ ಕೂರಿಸಿದರೆ ಅದು ಕೆಳಗಿನ ಉಬ್ಬನ್ನು ಅದುಮಿ ಹಿಡಿಯುತ್ತದೆ ಎಂದು ಮುಂಬೈ ಐಐಟಿಯ ಪ್ರೊ. ಆರ್. ಕೆ. ಕಟ್ಟಿ ತೋರಿಸಿಕೊಟ್ಟರು. ನಮ್ಮದೇ ಮಲಪ್ರಭಾ ಯೋಜನೆಯ ಕಾಲುವೆಗಳು ಎರೆ ಭೂಮಿಯಲ್ಲಿ ಹಾಯುವಾಗ ಆ ಉಪಾಯ ಬಳಕೆಗೆ ಬಂತು. ಕಾಲುವೆಯ ಹಾಸಿಗೆ ಹಿಡಿದದ್ದು ಪಡಸಾಲೆಯ ಫರ್ಸಿಗೂ ಹಿಡಿಯುತ್ತದೆ.

ಇನ್ನು ಯಾವ ಪಾಯವೇ ಇರಲಿ, ಮನೆಯ ಸುತ್ತ ಮೂರ್ನಾಲ್ಕು ಅಡಿ ಅಗಲದ, ಹೊರಕ್ಕೆ ಇಳಿಜಾರಾದ ಕಟ್ಟೆ ಬೇಕು. ಮಾಳಿಗೆ ನೀರಿನ ಕೊಳವೆ ಗೋಡೆಯ ಬುಡಕ್ಕೆ ಸುರಿಯಬಾರದು. ಸಂಪು ಗೋಡೆಯಿಂದ ಕನಿಷ್ಠ ಹತ್ತು ಅಡಿ ದೂರವಿರಲಿ. ಜಾಗವಿಲ್ಲದಿದ್ದರೆ ನೆಲದ ಮೇಲೆ ಟಾಕಿ ಕೂರಿಸಿ. ಬೇವಿನ ಗಿಡದ ನೆರಳು ಬೇಕು ನಿಜ, ಆದರೆ ಎರೆಯಲ್ಲಿ ಅದರ ಬೇರು ಬೇಸಿಗೆಯಲ್ಲಿ ಪಾಯದ ಕೆಳಗಿನ ತೇವವನ್ನು ಹೀರಿ ಆ ಬದಿಯನ್ನು ಕುಸಿಯುವಂತೆ ಮಾಡುತ್ತದೆ.

ಗೋಡೆ: ಐದು ಬಗೆ

ಭಾವನವರ ಹಳೆಯ ಮನೆಗೆ ಏಪ್ರಿಲ್‌ನ ಮಧ್ಯಾಹ್ನ ಮೂರಕ್ಕೆ ಹೋಗಿದ್ದೆ. ಹೊರಗೆ ಬಿಸಿಲು ಕಣ್ಣು ಬಿಡಗೊಡುತ್ತಿರಲಿಲ್ಲ. ಹೊಸ್ತಿಲು ದಾಟಿದರೆ ಕತ್ತಲು, ಬೆಳಕಿಂಡಿಯಿಂದ ಇಳಿದ ಒಂದು ಕೋಲು ಬೆಳಕು, ಅದರೊಳಗೆ ತೇಲುವ ಧೂಳು. ಗೋಡೆಗೆ ಬೆನ್ನು ಕೊಟ್ಟು ಕೂತರೆ ತಂಪು. ಮೊಳಕ್ಕಿಂತ ದಪ್ಪದ ಕಲ್ಲು-ಮಣ್ಣಿನ ಗೋಡೆ, ತೊಲೆ-ಜಂತಿಗಳ ಮೇಲೆ ಅಡಿಯಷ್ಟು ಮಣ್ಣು ಹೊತ್ತ ಮಾಳಿಗೆ. ಫ್ಯಾನಿನ ಗುಂಡಿ ಒತ್ತಲು ಯಾರಿಗೂ ನೆನಪಾಗಲಿಲ್ಲ.

ಈ ತಂಪಿನ ಗುಟ್ಟು ಗೊತ್ತಾದರೆ ಹೋಲಿಕೆ ಸುಲಭ. ಗೋಡೆಗೆ ಎರಡು ಗುಣಗಳಿವೆ. ಶಾಖ ಅದರ ಮೂಲಕ ಎಷ್ಟು ಸಲೀಸಾಗಿ ಹಾಯುತ್ತದೆ ಎಂಬುದು ಒಂದು. ಅದನ್ನು ಯು-ಮೌಲ್ಯ ಎಂಬ ಅಂಕಿಯಿಂದ ಅಳೆಯುತ್ತಾರೆ, ಕಡಿಮೆಯಿದ್ದಷ್ಟೂ ಒಳ್ಳೆಯದು. ಹಾಯುವ ಶಾಖವನ್ನು ತನ್ನ ಹೊಟ್ಟೆಯಲ್ಲಿ ಎಷ್ಟು ಹೊತ್ತು ಇಟ್ಟುಕೊಳ್ಳುತ್ತದೆ ಎಂಬುದು ಇನ್ನೊಂದು. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಹೊರಗಿನ ಬಿಸಿಯನ್ನು ಒಳಗೆ ಬಿಡಲು ಆರೇಳು ತಾಸು ತೆಗೆದುಕೊಳ್ಳುತ್ತದೆ, ಒಂದೂವರೆ ಅಡಿಯ ಮಣ್ಣುಗೋಡೆ ಅದರ ಎರಡರಷ್ಟು. ನಮ್ಮ ಭಾಗದ ಬೇಸಿಗೆಯಲ್ಲಿ ಮಧ್ಯಾಹ್ನ 37-38 ಡಿಗ್ರಿ ಇದ್ದರೂ ನಸುಕಿಗೆ 21-22ಕ್ಕೆ ಇಳಿಯುತ್ತದೆ. ರಾತ್ರಿ ಕಿಟಕಿ ತೆರೆದಿಟ್ಟು ಗೋಡೆಯನ್ನು ತಣಿಸಿ, ಬೆಳಿಗ್ಗೆ ಒಂಬತ್ತಕ್ಕೆ ಮುಚ್ಚಿದರೆ ಆ ತಂಪನ್ನೇ ದಿನವಿಡೀ ತಿನ್ನಬಹುದು. ಕರಾವಳಿಯಲ್ಲಿ ಈ ಆಟ ನಡೆಯುವುದಿಲ್ಲ, ಅಲ್ಲಿ ರಾತ್ರಿಯೂ ಬೆವರು. ಹುಬ್ಬಳ್ಳಿ-ಧಾರವಾಡ, ಗದಗಕ್ಕೆ ಇದು ಪುಕ್ಕಟೆ ಸಿಕ್ಕ ಸೌಲಭ್ಯ.

ಸುಟ್ಟ ಇಟ್ಟಿಗೆ. ಎರಡೂ ಕಡೆ ಗಿಲಾವು ಮಾಡಿದ ಒಂಬತ್ತು ಇಂಚಿನ ಗೋಡೆಯ ಯು-ಮೌಲ್ಯ ಸುಮಾರು 2. ಎರಡೂ ಗುಣಗಳಲ್ಲಿ ನಡುವಿನದು, ಭಾರ ಹೊರುವುದರಲ್ಲಿ ಮೇಲಿನದು, ಪ್ರತಿಯೊಬ್ಬ ಗೌಂಡಿಯ ಕೈಗೂ ಒಗ್ಗಿದ್ದು. ತೊಂದರೆ ಇರುವುದು ಭಟ್ಟಿಯಿಂದ ಭಟ್ಟಿಗೆ ಬದಲಾಗುವ ಗುಣಮಟ್ಟದಲ್ಲಿ. ಎರಡು ಇಟ್ಟಿಗೆಗಳನ್ನು ತಾಗಿಸಿದರೆ ಠಣ್ ಎನ್ನಬೇಕು, ಉಗುರಿನಿಂದ ಗೀರಿದರೆ ಗೆರೆ ಬೀಳಬಾರದು, ಎದೆಯೆತ್ತರದಿಂದ ಬಿದ್ದರೆ ಚೂರಾಗಬಾರದು. ಇಷ್ಟು ಎಲ್ಲರಿಗೂ ಗೊತ್ತು. ನಮ್ಮ ಭಾಗದಲ್ಲಿ ಇನ್ನೊಂದು ಸೇರಿಸಿಕೊಳ್ಳಿ: ನಾಲ್ಕೈದು ಇಟ್ಟಿಗೆಗಳನ್ನು ತೂಕ ಮಾಡಿ, ಬಕೆಟ್ ನೀರಿನಲ್ಲಿ ಒಂದು ದಿನ ಮುಳುಗಿಸಿಡಿ. ಎರೆ ಮಣ್ಣಿನಲ್ಲಿ ಸುಣ್ಣದ ಹರಳುಗಳಿರುತ್ತವೆ. ಅದು ಬೆರೆತ ಇಟ್ಟಿಗೆಯಲ್ಲಿ ಆ ಹರಳುಗಳು ಭಟ್ಟಿಯಲ್ಲಿ ಸುಟ್ಟು, ನೀರು ತಾಗಿದ ಮೇಲೆ ಅರಳಿ, ಇಟ್ಟಿಗೆಯನ್ನು ಒಳಗಿಂದ ಒಡೆಯುತ್ತವೆ. ಬಕೆಟ್‌ನಲ್ಲೇ ಬಿಳಿ ಚುಕ್ಕೆ ಮೂಡಿ ಚಕ್ಕೆ ಎದ್ದರೆ ಒಳ್ಳೆಯದಾಯಿತೆನ್ನಿ, ಇಲ್ಲದಿದ್ದರೆ ಬಣ್ಣ ಬಳಿದ ಗಿಲಾವಿನ ಮೇಲೆ ಅದು ಏಳುತ್ತಿತ್ತು. ಹೀರಿದ ನೀರು ಒಣ ತೂಕದ ಶೇ 20 ಮೀರಬಾರದು ಎಂಬುದು ಭಾರತೀಯ ಮಾನದಂಡ.

ಅದೇ ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಪೊಳ್ಳು ಬಿಟ್ಟು ಕಟ್ಟುವ ‘ಇಲಿಬೋನು’ ಪದ್ಧತಿಯೂ ಇದೆ. ಕೇರಳದಲ್ಲಿ ಲಾರಿ ಬೇಕರ್ ಅದನ್ನು ಮನೆಮಾತಾಗಿಸಿದರು. ಕಾಲು ಭಾಗದಷ್ಟು ಇಟ್ಟಿಗೆ ಉಳಿಯುತ್ತದೆ, ಪೊಳ್ಳಿನ ಗಾಳಿ ಶಾಖವನ್ನು ತಡೆಯುತ್ತದೆ. ಆದರೆ ಇಟ್ಟಿಗೆಗಳು ಒಂದೇ ಅಳತೆಯವಾಗಿರಬೇಕು, ಗೌಂಡಿಗೆ ತಾಳ್ಮೆ ಇರಬೇಕು. ಎರಡೂ ಸಿಕ್ಕರೆ ನನ್ನ ಮೊದಲ ಆಯ್ಕೆ ಇದೇ.

ಎಎಸಿ ಬ್ಲಾಕ್, ಅಂದರೆ ಹಾರುಬೂದಿ, ಸುಣ್ಣ, ಸಿಮೆಂಟಿಗೆ ಚೂರು ಅಲ್ಯೂಮಿನಿಯಂ ಪುಡಿ ಬೆರೆಸಿ ಇಡ್ಲಿಯಂತೆ ಉಬ್ಬಿಸಿ, ಆವಿಯ ಒತ್ತಡದಲ್ಲಿ ಬೇಯಿಸಿದ ಹಗುರ ಬ್ಲಾಕು. ಎಂಟು ಇಂಚಿನ ಗೋಡೆಯ ಯು-ಮೌಲ್ಯ ಸುಮಾರು 0.8, ಶಾಖ ತಡೆಯುವುದರಲ್ಲಿ ಇಟ್ಟಿಗೆಯನ್ನು ಹಿಂದಿಕ್ಕುತ್ತದೆ. ಹಗಲು-ರಾತ್ರಿ ಹವಾನಿಯಂತ್ರಕ ಓಡಿಸುವವರಿಗೆ ಇದೇ ಸರಿ. ಕಾಲಂ-ಬೀಮಿನ ಮನೆಗೆ ತೂಕವೂ ಇಳಿಯುತ್ತದೆ, ಒಂದು ಬ್ಲಾಕು ಹತ್ತು-ಹನ್ನೆರಡು ಇಟ್ಟಿಗೆಗಳ ಜಾಗ ತುಂಬುವುದರಿಂದ ಕೆಲಸವೂ ಬೇಗ. ಆದರೆ ತಂಪನ್ನು ಹಿಡಿದಿಟ್ಟುಕೊಳ್ಳುವ ಹೊಟ್ಟೆ ಇದಕ್ಕೆ ಚಿಕ್ಕದು. ಅಲುಗುವ ಪಾಯದ ಮೇಲೆ ಮೊದಲು ಬಿರಿಯುವುದೂ ಇದೇ, ಆದ್ದರಿಂದ ಎರೆಯಲ್ಲಿ ಭಾರ ಹೊರುವ ಗೋಡೆಗೆ ಇದನ್ನು ನೆನೆಯಲೂ ಬೇಡಿ. ಸಾಮಾನ್ಯ ಸಿಮೆಂಟ್ ಗಾರೆಯ ಬದಲು ತೆಳು ಅಂಟು ಗಾರೆ ಬಳಸಿದರೆ, ಕಾಲಂ ಕೂಡುವಲ್ಲಿ ಜಾಲರಿ ಹೊಡೆದರೆ ಬಿರುಕು ಹತೋಟಿಯಲ್ಲಿರುತ್ತದೆ. ಮಳೆಯಲ್ಲಿ ನೆನೆಯುತ್ತಾ ಬಿದ್ದ ಬ್ಲಾಕುಗಳಿಂದ ಕಟ್ಟಿದ ಗೋಡೆ ಒಣಗುತ್ತಾ ಕುಗ್ಗುತ್ತದೆ, ಅದಕ್ಕೆ ಯಾವ ಜಾಲರಿಯೂ ಸಾಲದು.

ಸಿಮೆಂಟ್ ಬ್ಲಾಕಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆರು ಇಂಚಿನ ಗಟ್ಟಿ ಬ್ಲಾಕಿನ ಗೋಡೆಯ ಯು-ಮೌಲ್ಯ 3ರ ಆಸುಪಾಸು. ಗೋದಾಮಿಗೆ, ಕಾಂಪೌಂಡಿಗೆ ಸರಿ. ಮಲಗುವ ಕೋಣೆಯ ಪಶ್ಚಿಮ ಗೋಡೆಗೆ ಇದನ್ನು ಹಾಕಿಸಿದವರು ಮುಂದೆ ಕೂಲರಿಗೆ ದುಡ್ಡು ಎತ್ತಿಡಲಿ.

ಒತ್ತಿ ಮಾಡಿದ ಮಣ್ಣಿನ ಬ್ಲಾಕು ನನಗೆ ಇಷ್ಟ, ಅದಕ್ಕೇ ಅದರ ಮಿತಿಯನ್ನು ಮೊದಲು ಹೇಳುತ್ತೇನೆ: ಎರೆ ಮಣ್ಣಿನಿಂದ ಅದನ್ನು ಮಾಡಲಾಗದು. ಮರಳು ಹೆಚ್ಚು, ಜೇಡಿ ಕಡಿಮೆ ಇರುವ ಕೆಂಪು ಮಣ್ಣೇ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ ಈ ಬ್ಲಾಕುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಶೇ 6ರಿಂದ 8ರಷ್ಟು ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ಮೂರು ವಾರ ನೀರುಣಿಸಿದರೆ ಆಯಿತು. ಸುಡುವ ಕಟ್ಟಿಗೆ ಇಲ್ಲ, ಲಾರಿ ಬಾಡಿಗೆ ಇಲ್ಲ, ಪಾಯಕ್ಕೆ ಅಗೆದ ಮಣ್ಣೇ ಗೋಡೆಯಾಗುತ್ತದೆ. ಶಾಖದ ಲೆಕ್ಕದಲ್ಲಿ ಇಟ್ಟಿಗೆಗಿಂತ ತುಸು ಹಿಂದೆ. ಧಾರವಾಡದ ಅಡ್ಡಮಳೆಗೆ ಎರಡಡಿ ಸೂರು ಚಾಚಿರಲಿ, ಬುಡದ ಎರಡು-ಮೂರು ಸಾಲು ಕಲ್ಲು ಅಥವಾ ಸುಟ್ಟ ಇಟ್ಟಿಗೆಯದಾಗಿರಲಿ.

ಕಲ್ಲು ಗದಗಿನವರಿಗೆ ಹೊಸದಲ್ಲ. ಲಕ್ಕುಂಡಿಯ ಗುಡಿಗಳು ಸಾವಿರ ವರ್ಷದ ಹತ್ತಿರ ಬಂದಿವೆ. ಹದಿನೈದು-ಹದಿನೆಂಟು ಇಂಚಿನ ಕಲ್ಲುಗೋಡೆ ಶಾಖವನ್ನು ಸಲೀಸಾಗಿ ಹಾಯಿಸಿದರೂ ಹೊಟ್ಟೆ ದೊಡ್ಡದು, ಮಧ್ಯಾಹ್ನವನ್ನು ರಾತ್ರಿಗೆ ದಾಟಿಸುತ್ತದೆ. ಆದರೆ 30-40ರ ನಿವೇಶನದಲ್ಲಿ ಒಂದೂವರೆ ಅಡಿಯ ಗೋಡೆ ಎಂದರೆ ಒಂದು ಸಣ್ಣ ಕೋಣೆಯನ್ನೇ ನುಂಗಿದಂತೆ. ಹಳ್ಳಿಯಲ್ಲಿ ಜಾಗವಿದ್ದವರಿಗೆ, ಹಳೆಯ ಮನೆಯ ಕಲ್ಲು ಕೈಯಲ್ಲಿದ್ದವರಿಗೆ ಮಾತ್ರ ಇದನ್ನು ಹೇಳುತ್ತೇನೆ. ಹೊಳೆಯ ದಂಡೆಯ ಊರಾದರೆ ಮಣ್ಣಿನ ಬದಲು ಸುಣ್ಣ ಅಥವಾ ಸಿಮೆಂಟಿನ ಗಾರೆಯಲ್ಲೇ ಕಟ್ಟಿಸಿ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ನರಗುಂದ, ರೋಣ ತಾಲ್ಲೂಕುಗಳಲ್ಲಿ ಮಣ್ಣಿನ ಗೋಡೆಗಳು ಕರಗಿ ಕುಸಿದದ್ದನ್ನು ಭಾವನವರು ಕಣ್ಣಾರೆ ಕಂಡಿದ್ದಾರೆ.

ಯಾವ ಗೋಡೆಯೇ ಆಗಲಿ, ಗಾರೆ ಇಟ್ಟಿಗೆಗಿಂತ ಮೆತ್ತಗಿರಬೇಕು. ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳಿನ ಗಾರೆ ಸಾಕು, ಅದಕ್ಕೆ ಒಂದು ಪಾಲು ಸುಣ್ಣ ಸೇರಿದರೆ ಇನ್ನೂ ಒಳ್ಳೆಯದು. ಗಟ್ಟಿಯಾಗಲಿ ಎಂದು ಒಂದಕ್ಕೆ ಮೂರು ಕಲಸಿದರೆ ಬಿರುಕು ಸಂದಿಯನ್ನು ಬಿಟ್ಟು ಇಟ್ಟಿಗೆಯನ್ನೇ ಸೀಳುತ್ತದೆ. ಗದಗ ಸೀಮೆಯಲ್ಲಿ ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿಸದೆ ಕಾಂಕ್ರೀಟಿಗೆ ಬಳಸಬೇಡಿ. ಕಬ್ಬಿಣ ಇರುವ ಕಾಂಕ್ರೀಟಿಗೆ ಲೀಟರಿಗೆ 500 ಮಿಲಿಗ್ರಾಂಗಿಂತ ಹೆಚ್ಚು ಕ್ಲೋರೈಡ್ ಇರುವ ನೀರು ಕೂಡದು. ಉಪ್ಪುನೀರು ಕುಡಿದ ಸರಳು ಹದಿನೈದು-ಇಪ್ಪತ್ತು ವರ್ಷಕ್ಕೆ ಸ್ಲ್ಯಾಬಿನ ಅಡಿಯ ಹೊಪ್ಪಳೆ ಉದುರಿಸುತ್ತದೆ.

ತಲೆಯ ಮೇಲಿನದು

ಮೇ ತಿಂಗಳ ರಾತ್ರಿ ಹತ್ತಕ್ಕೆ ಕುರ್ಚಿ ಹತ್ತಿ, ಬರಿಯ ಸ್ಲ್ಯಾಬಿನ ಅಡಿಗೆ ಅಂಗೈ ಇಟ್ಟು ನೋಡಿ. ರೊಟ್ಟಿಯ ಹಂಚನ್ನು ಒಲೆಯಿಂದ ಇಳಿಸಿ ಅರ್ಧ ತಾಸಾದ ಮೇಲೆ ಮುಟ್ಟಿದಂತಿರುತ್ತದೆ. ಫ್ಯಾನು ಆ ಬಿಸಿಯನ್ನೇ ಹೊತ್ತು ತಂದು ಮೈಮೇಲೆ ಸುರಿಯುತ್ತದೆ. ಗೋಡೆಗಳು ದಿನದಲ್ಲಿ ಒಂದಷ್ಟು ಹೊತ್ತು ಮಾತ್ರ ಬಿಸಿಲು ಕಾಣುತ್ತವೆ, ಚಾವಣಿ ಬೆಳಗಿನಿಂದ ಸಂಜೆಯವರೆಗೆ ಅಂಗಾತ ಮಲಗಿರುತ್ತದೆ. ಅದೂ ನಮ್ಮ ಅಕ್ಷಾಂಶದಲ್ಲಿ ಮೇ ತಿಂಗಳ ಮೊದಲ ದಿನಗಳಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ.

ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ವಾಸದ ಕಟ್ಟಡಗಳಿಗಾಗಿ ತಂದ ‘ಇಕೋ ನಿವಾಸ್ ಸಂಹಿತಾ’ದ ಪ್ರಕಾರ ಚಾವಣಿಯ ಯು-ಮೌಲ್ಯ 1.2 ಮೀರಬಾರದು. ಬರಿಯ ಐದು ಇಂಚಿನ ಸ್ಲ್ಯಾಬಿನದು 3ಕ್ಕಿಂತ ಹೆಚ್ಚು. ಈ ಅಂತರವನ್ನು ತುಂಬಲು ನಮ್ಮಲ್ಲಿ ಎಲ್ಲರೂ ಮಾಡಿಸುವುದು ಇಟ್ಟಿಗೆಚೂರುಗಳನ್ನು ಗಾರೆಯಲ್ಲಿ ಕೂರಿಸುವ ಬ್ರಿಕ್‌ಬ್ಯಾಟ್ ಕೋಬಾ. ಅದು ಸೋರದಂತೆ ಕಾಯುತ್ತದೆ ಎಂಬುದು ಸರಿ, ಮನೆಯನ್ನು ತಂಪು ಮಾಡುತ್ತದೆ ಎಂಬುದು ಅರ್ಧ ಸತ್ಯ. ನಾಲ್ಕು ಇಂಚಿನ ಕೋಬಾ ಹಾಕಿದರೂ ಯು-ಮೌಲ್ಯ 2ಕ್ಕಿಂತ ಮೇಲೆಯೇ ಉಳಿಯುತ್ತದೆ, ಮೇಲಾಗಿ ಪ್ರತಿ ಚದರ ಮೀಟರಿಗೆ ಸುಮಾರು 200 ಕಿಲೋ ಭಾರ. ಅದರ ಬದಲು ಜಲನಿರೋಧಕ ಪದರದ ಮೇಲೆ ಎರಡು ಇಂಚಿನ ಗಟ್ಟಿ ಫೋಮ್ ಹಲಗೆ ಹಾಸಿ, ಮೇಲೆ ತೆಳು ಕಾಂಕ್ರೀಟ್, ಅದರ ಮೇಲೆ ಬಿಳಿಯ ಚೈನಾ ಮೊಸಾಯಿಕ್, ಅಂದರೆ ಒಡೆದ ಟೈಲ್ಸ್ ಚೂರುಗಳ ಹಾಸು, ಹಾಕಿದರೆ ಅಂಕಿ 0.6ರ ಹತ್ತಿರ ಬರುತ್ತದೆ. ಇಟ್ಟಿಗೆಯನ್ನು ಬಿಟ್ಟು ಎಎಸಿ ಆರಿಸಿ ಗೋಡೆಗೆ ಹೆಚ್ಚು ಸುರಿಯುವ ದುಡ್ಡನ್ನು ಇಲ್ಲಿಗೆ ತಿರುಗಿಸಿ. ಈ ಬರಹದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ.

ಕಟ್ಟಿದ ಮನೆಗೆ? ಸುಣ್ಣ. ಪ್ರತಿ ವರ್ಷ ಯುಗಾದಿಗೆ ಮೊದಲು ಅರಳಿದ ಸುಣ್ಣಕ್ಕೆ ಸ್ವಲ್ಪ ಅಂಟು ಬೆರೆಸಿ ಎರಡು ಕೈ ಬಳಿದರೆ ಬಿಸಿಲಿನ ದೊಡ್ಡ ಪಾಲು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ನಾನು ಇದನ್ನು ಐದು ಬೇಸಿಗೆ ಮಾಡಿದ್ದೇನೆ. ಮಳೆಗಾಲಕ್ಕೆ ತೊಳೆದು ಹೋಗುತ್ತದೆ, ಹೋಗಲಿ, ಆಗ ಅದರ ಅಗತ್ಯವೂ ಇರುವುದಿಲ್ಲ. ಹುಬ್ಬಳ್ಳಿಯಲ್ಲಿ ಈಗ ಮಾಳಿಗೆಯ ಮೇಲೆ ತಗಡಿನ ಶೆಡ್ಡು ಎತ್ತಿಸುವುದೇ ಫ್ಯಾಶನ್. ನೋಡಲು ಚೆಂದವಿಲ್ಲ, ಮಳೆ ಬಂದರೆ ಮಾತು ಕೇಳಿಸುವುದಿಲ್ಲ, ಆದರೆ ನಾಲ್ಕೂ ಕಡೆ ಗಾಳಿ ಬಿಟ್ಟಿದ್ದರೆ ಸ್ಲ್ಯಾಬಿಗೆ ನೆರಳಾಗಿ ಕೆಲಸ ಮಾಡುತ್ತದೆ ಎಂದು ಒಪ್ಪಲೇಬೇಕು. ಸೌರಫಲಕಗಳೂ ಇದೇ ಉಪಕಾರ ಮಾಡುತ್ತವೆ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವಾಟಿಗೆ 78,000 ರೂಪಾಯಿ ಸಹಾಯಧನವಿದೆ. ವಿದ್ಯುತ್ ಬಿಲ್ಲಿನ ಲೆಕ್ಕ ಹಾಕುವಾಗ ಅವುಗಳ ನೆರಳಿನ ಲೆಕ್ಕವನ್ನೂ ಹಾಕಿಕೊಳ್ಳಿ.

ಹೆಂಚುಗಳನ್ನು ಸ್ಲ್ಯಾಬಿನ ಕೆಳಭಾಗದಲ್ಲಿ ಹುದುಗಿಸುವ ಫಿಲ್ಲರ್ ಸ್ಲ್ಯಾಬ್ ಕಾಂಕ್ರೀಟ್ ಉಳಿಸುತ್ತದೆ, ಒಳಗಿನಿಂದ ನೋಡಲು ಅಂದ. ತಂಪಿನ ವಿಷಯದಲ್ಲಿ ಅದರ ಹೊಗಳಿಕೆ ಅತಿಯಾಗಿದೆ. ಸ್ಲ್ಯಾಬಿನ ಮೇಲೆ ಇಳಿಜಾರಾಗಿ ಮಂಗಳೂರು ಹೆಂಚು ಹೊದಿಸುವುದು ಧಾರವಾಡದ ಮಳೆಗೆ ಹೇಳಿ ಮಾಡಿಸಿದ್ದು, ನಡುವೆ ಗಾಳಿಯಾಡುವುದರಿಂದ ತಂಪೂ ನಿಜ. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಾಗ ಮಂಗಗಳ ಬಗ್ಗೆ ಏನು ಯೋಚಿಸಿತ್ತೋ ಕಾಣೆ, ಧಾರವಾಡದವರು ಮಾತ್ರ ನೂರು ಹೆಂಚು ಹೆಚ್ಚಿಗೆ ತಂದಿಟ್ಟುಕೊಳ್ಳುವುದು ಒಳ್ಳೆಯದು.

ನೈಋತ್ಯದ ಕೋಣೆ

ವಾಸ್ತುವಿನ ಪ್ರಕಾರ ಯಜಮಾನನ ಮಲಗುವ ಕೋಣೆ ನೈಋತ್ಯದಲ್ಲಿರಬೇಕು. ಮನೆಯಲ್ಲಿ ಹೆಚ್ಚು ಕಾಯುವ ಮೂಲೆಯೂ ಅದೇ. ಮಧ್ಯಾಹ್ನ ನಾಲ್ಕರ ಬಿಸಿಲು ಪಶ್ಚಿಮದ ಗೋಡೆಯನ್ನು ಹೊಕ್ಕು, ಮೇಲೆ ಹೇಳಿದ ಆರೇಳು ತಾಸಿನ ಪ್ರಯಾಣ ಮುಗಿಸಿ, ಸರಿಯಾಗಿ ಮಲಗುವ ಹೊತ್ತಿಗೆ ಹಾಸಿಗೆಯ ಬಳಿ ಬರುತ್ತದೆ. ವಾಸ್ತು ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ, ಹೇಳಿದರೆ ಕೇಳುವವರೂ ಇಲ್ಲ. ಆ ಗೋಡೆಗೆ ಅಲಮಾರಿ, ಬಚ್ಚಲು ಅಥವಾ ಮೆಟ್ಟಿಲನ್ನು ತಂದು ನಿಲ್ಲಿಸಿ, ಹೊರಗೆ ಬಳ್ಳಿ ಹಬ್ಬಿಸಿ. ಪಶ್ಚಿಮ ಗೋಡೆಯೊಂದಕ್ಕೆ ಮಾತ್ರ ಎಎಸಿ ಅಥವಾ ಇಲಿಬೋನು ಕಟ್ಟಿಸಿದರೂ ತಪ್ಪಿಲ್ಲ. ಸಂಜೆಯ ತಂಗಾಳಿ ಬರುವುದೂ ಪಶ್ಚಿಮದಿಂದಲೇ ಆದ್ದರಿಂದ ಕಿಟಕಿ ಪೂರ್ತಿ ಮುಚ್ಚಬೇಡಿ. ಚಿಕ್ಕದಾಗಿರಲಿ, ಹೊರಗಿನಿಂದ ಮುಚ್ಚುವ ಮರದ ಬಾಗಿಲಿರಲಿ. ಒಳಗಿನ ಪರದೆಗೆ ತಾಗಿದ ಬಿಸಿಲು ಆಗಲೇ ಮನೆಯೊಳಗೆ ಬಂದಾಗಿರುತ್ತದೆ. ದಕ್ಷಿಣದ ಕಿಟಕಿಗೆ ಎರಡಡಿಯ ಚಜ್ಜಾ ಚಳಿಗಾಲದಲ್ಲೂ ಎರಡೂವರೆ ಅಡಿ ನೆರಳು ಕೊಡುತ್ತದೆ. ಉತ್ತರದ ಕಿಟಕಿಗೂ ಒಂದಡಿಯದು ಬೇಕು, ಮೇ ಮೊದಲ ವಾರದಿಂದ ಆಗಸ್ಟ್ ಎರಡನೆಯ ವಾರದವರೆಗೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ.

ಭಾವನವರು ಅಂಡರ್‌ರೀಮ್ಡ್ ಪೈಲಿಗೆ ಒಪ್ಪಿದ್ದಾರೆ. ಪೈಲಿನ ಬೀಮುಗಳ ಮೇಲೆ ಹಳೆಯ ಮನೆಯ ಕಲ್ಲಿನ ಅಷ್ಟು ಭಾರ ಹೇರುವುದು ಬೇಡವೆಂದು ಇಂಜಿನಿಯರ್ ಹೇಳಿದ್ದರಿಂದ ಗೋಡೆ ಇಟ್ಟಿಗೆಯದು, ಕಲ್ಲು ಸುತ್ತಲಿನ ಕಟ್ಟೆಗೆ. ಹಳೆಯ ಮಾಳಿಗೆಯ ಪಡಸಾಲೆಯನ್ನು ಕೆಡವದೆ ಬೇಸಿಗೆಯ ಮಧ್ಯಾಹ್ನಗಳಿಗೆಂದು ಉಳಿಸಿಕೊಳ್ಳುತ್ತಾರಂತೆ. ತಂಗಿಯದು ಕಲ್ಲಿನ ಪಾಯ, ಒಂಬತ್ತು ಇಂಚಿನ ಇಟ್ಟಿಗೆ, ಪಶ್ಚಿಮಕ್ಕೆ ಇಲಿಬೋನು, ಚಾವಣಿಗೆ ಫೋಮ್ ಹಲಗೆ. ಮಣ್ಣಿನ ಬ್ಲಾಕು ಅವಳ ನೆಲಕ್ಕೆ ಒಪ್ಪುತ್ತಿತ್ತು, ಯಂತ್ರ ನಡೆಸಿ ಗೊತ್ತಿರುವ ತಂಡ ಸಿಗಲಿಲ್ಲ. ಸಂಪಿನ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ತಂಗಿಯ ಗಂಡ ಈಶಾನ್ಯವೇ ಆಗಬೇಕು ಎನ್ನುತ್ತಾರೆ, ಈಶಾನ್ಯದಲ್ಲಿ ಗೋಡೆಯಿಂದ ಗೇಟಿಗೆ ಇರುವುದು ಒಟ್ಟು ಆರಡಿ. ಬರುವ ಭಾನುವಾರ ಅವರಿಬ್ಬರೂ ಹುಬ್ಬಳ್ಳಿಗೆ ಊಟಕ್ಕೆ ಬರುತ್ತಿದ್ದಾರೆ. ಒಡೆದ ಗಾಜಿನ ಪಟ್ಟಿಯನ್ನು ಗೋಡೆಯಿಂದ ತೆಗೆಯದೆ ಹಾಗೇ ಬಿಟ್ಟಿದ್ದೇನೆ.